ಟಿವಿ ಕಾಣಿಸುತ್ತಿಲ್ಲವೆಂದು ರೌಟರ್‌ನ ಪೋರ್ಟ್ ತೆರೆಯಬೇಡಿ

ಫೋನಿನ ವಿಡಿಯೊವನ್ನು ಟಿವಿಗೆ ಕಳಿಸುವ ‘ಕಾಸ್ಟ್’ ಪಟ್ಟಿಯಲ್ಲಿ ಟಿವಿ ಕಾಣಿಸುತ್ತಿಲ್ಲವೆಂದು ರೌಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆಯಲು ಹೊರಟಿದ್ದರೆ, ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ನಾನು ನಿಲ್ಲಿಸಲಿಲ್ಲ.

ಹೊಸ ರೌಟರ್ ಬಂದ ದಿನದಿಂದ ನಮ್ಮ ಟಿವಿ ಫೋನಿಗೆ ಸಿಗುತ್ತಿರಲಿಲ್ಲ. ಎರಡು ಸಂಜೆ ಒದ್ದಾಡಿದ ಮೇಲೆ, ಟಿವಿಯ ವಿಳಾಸವನ್ನು ರೌಟರ್‌ನ ಡಿಎಂಜೆಡ್ ಎಂಬ ಸೆಟ್ಟಿಂಗ್‌ಗೆ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಸಲಹೆಯೊಂದು ಕಣ್ಣಿಗೆ ಬಿತ್ತು. ಹಾಗೆಯೇ ಮಾಡಿದೆ. ಟಿವಿ ಆಗಲೂ ಕಾಣಿಸಲಿಲ್ಲ. ಬೇಸತ್ತು ಕೈಬಿಟ್ಟೆ, ಆದರೆ ಹಾಕಿದ್ದನ್ನು ತೆಗೆಯಲಿಲ್ಲ.

ನಾಲ್ಕನೆಯ ರಾತ್ರಿ ಟಿವಿ ತಾನಾಗಿಯೇ ಆನ್ ಆಯಿತು. ಯಾರೂ ಹಾಕದ ವಿಡಿಯೊ, ಕಿವಿಗಡಚಿಕ್ಕುವ ಸದ್ದು. ಹಜಾರದಲ್ಲಿ ಮಲಗಿದ್ದ ತಂದೆ ಬೆಚ್ಚಿಬಿದ್ದು ಎದ್ದು ಕುಳಿತಿದ್ದರು. ರಿಮೋಟ್‌ನಿಂದ ನಿಲ್ಲಿಸಿದರೆ ಮತ್ತೆ ಶುರುವಾಗುತ್ತಿತ್ತು. ಕೊನೆಗೆ ಪ್ಲಗ್ ಕಿತ್ತೆ. ಅವರ ಕೈ ನಡುಗುತ್ತಿದ್ದುದು ಇನ್ನೂ ಕಣ್ಣ ಮುಂದಿದೆ.

ಡಿಎಂಜೆಡ್ ಎಂದರೆ ಆ ಒಂದು ಸಾಧನದ ಎಲ್ಲ ಪೋರ್ಟ್‌ಗಳನ್ನೂ ಇಡೀ ಇಂಟರ್‌ನೆಟ್‌ಗೆ ತೆರೆದಿಡುವುದು. ಕಾಸ್ಟ್ ಸಾಧನಗಳು ಆಜ್ಞೆ ಕೇಳುವುದು 8008, 8009ರಂತಹ ಪೋರ್ಟ್‌ಗಳಲ್ಲಿ. ಮನೆಯೊಳಗಿನವರೇ ಕೇಳುತ್ತಿದ್ದಾರೆಂದು ನಂಬಿ, ಪಾಸ್‌ವರ್ಡ್ ಕೇಳದೆ ವಿಡಿಯೊ ಹಾಕುವ ಸಾಧನಗಳೇ ಹೆಚ್ಚು. 2019ರ ಜನವರಿಯಲ್ಲಿ ಹೀಗೆ ಹೊರಗೆ ತೆರೆದುಕೊಂಡಿದ್ದ ಸಾವಿರಾರು ಕ್ರೋಮ್‌ಕಾಸ್ಟ್‌ಗಳಲ್ಲಿ (ಟಿವಿಗೆ ಜೋಡಿಸುವ ಗೂಗಲ್‌ನ ಕಾಸ್ಟ್ ಸಾಧನ) ಹ್ಯಾಕರ್‌ಗಳು ತಮ್ಮ ವಿಡಿಯೊ ಓಡಿಸಿದ್ದರು. ಅಲ್ಲಿ ಪೋರ್ಟ್ ತೆರೆದುಕೊಟ್ಟದ್ದು ಬಳಕೆದಾರರಲ್ಲ, ರೌಟರ್‌ನ ಯುಪಿಎನ್‌ಪಿ, ಅಂದರೆ ಸಾಧನ ಕೇಳಿದೊಡನೆ ತಾನಾಗಿಯೇ ಪೋರ್ಟ್ ತೆರೆಯುವ ಸೌಲಭ್ಯ.

ನನಗೆ ಹೆಚ್ಚು ನೋವಾದದ್ದು ಆ ಸಲಹೆಯಿಂದ ಏನೂ ಆಗುವಂತಿರಲಿಲ್ಲ ಎಂದು ತಿಳಿದಾಗ. ಫೋನು ಟಿವಿಯನ್ನು ಹುಡುಕುವುದು ಮಲ್ಟಿಕಾಸ್ಟ್ ಮೂಲಕ, ಅಂದರೆ ಒಂದೇ ಸಂದೇಶವನ್ನು ಹಲವು ಸಾಧನಗಳಿಗೆ ಒಮ್ಮೆಗೇ ಕಳಿಸಿ: 224.0.0.251 ಎಂಬ ವಿಳಾಸಕ್ಕೆ, ಯುಡಿಪಿ ಪೋರ್ಟ್ 5353ರಲ್ಲಿ, ‘ಯಾರಿದ್ದೀರಿ’ ಎಂದು ಕೂಗುತ್ತದೆ. ಮನೆಯ ಜಾಲದಲ್ಲೇ ವಿಡಿಯೊ ಹಂಚಿಕೊಳ್ಳುವ ಡಿಎಲ್‌ಎನ್‌ಎ ವಿಧಾನದ ಟಿವಿಗಳಿಗಾದರೆ 239.255.255.250, ಪೋರ್ಟ್ 1900. ಈ ಕೂಗು ಮನೆಯ ಜಾಲದೊಳಗಿನದು. ಹೊರಗಿನ ಇಂಟರ್‌ನೆಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಸಿಕ್ಕ ಮೇಲೆ ಫೋನು ಕೊಂಡಿಯನ್ನಷ್ಟೇ ಕೊಡುತ್ತದೆ, ಆನ್‌ಲೈನ್ ವಿಡಿಯೊವನ್ನು ಟಿವಿಯೇ ನೇರವಾಗಿ ಎಳೆದುಕೊಳ್ಳುತ್ತದೆ. ಯಾವ ಹಂತದಲ್ಲೂ ಹೊರಗಿನವರು ಒಳಗೆ ಬರಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಆಗಿದ್ದುದು ಇಷ್ಟೇ: ಫೋನು ಅತಿಥಿ ವೈಫೈನಲ್ಲಿತ್ತು, ಟಿವಿ ಮುಖ್ಯ ವೈಫೈನಲ್ಲಿ. ಅತಿಥಿ ಜಾಲ ಇರುವುದೇ ಉಳಿದ ಸಾಧನಗಳಿಂದ ದೂರ ಇಡಲು. ಫೋನನ್ನು ಮುಖ್ಯ ಜಾಲಕ್ಕೆ ತಂದೊಡನೆ ಟಿವಿಯ ಹೆಸರು ಪಟ್ಟಿಯಲ್ಲಿ ಬಂದಿತು.

ನಿಮ್ಮಲ್ಲಿ ಕಾರಣ ಬೇರೆಯಿರಬಹುದು. ಎರಡು ಸಾಧನಗಳ ಐಪಿ ವಿಳಾಸ ನೋಡಿ. ಒಂದು 192.168.0ರಿಂದ, ಇನ್ನೊಂದು 192.168.1ರಿಂದ ಶುರುವಾಗಿದ್ದರೆ ನಡುವೆ ಎರಡನೆಯ ರೌಟರ್ ಇರುವ ಸಾಧ್ಯತೆಯೇ ಹೆಚ್ಚು. ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ, ಆಗ ಅದು ಬೇರೆ ಜಾಲ ಮಾಡದೆ ಮೊದಲ ರೌಟರ್‌ನ ಜಾಲವನ್ನೇ ಹರಡುತ್ತದೆ. ಫೋನಿನ ವಿಪಿಎನ್ ಆರಿಸಿ ನೋಡಿ. ಐಫೋನ್‌ನಲ್ಲಿ ಐಒಎಸ್ 14ರಿಂದ ಈಚೆಗೆ ಪ್ರತಿ ಆ್ಯಪ್‌ಗೂ ಸ್ಥಳೀಯ ಜಾಲದ ಅನುಮತಿ ಬೇಕು. ಒಮ್ಮೆ ಬೇಡವೆಂದು ಒತ್ತಿದ್ದರೆ ಟಿವಿ ಕಾಣಿಸುವುದೇ ಇಲ್ಲ. ರೌಟರ್‌ನಲ್ಲಿ ವೈಫೈ ಸಾಧನಗಳು ಒಂದನ್ನೊಂದು ತಲುಪದಂತೆ ತಡೆಯುವ ಎಪಿ ಐಸೊಲೇಶನ್ ಆನ್ ಆಗಿದೆಯೇ ಎಂಬುದನ್ನೂ ನೋಡಿ.

ಹಿಂದೆ ಎಂದಾದರೂ ನನ್ನಂತೆ ಮಾಡಿದ್ದರೆ, ಇಂದೇ ರೌಟರ್‌ನ ಪುಟ ತೆರೆದು ಡಿಎಂಜೆಡ್ ಮತ್ತು ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಲ್ಲಿ ಟಿವಿಯ ವಿಳಾಸವಿದ್ದರೆ ಅಳಿಸಿಬಿಡಿ. ರೌಟರ್‌ನ ಯುಪಿಎನ್‌ಪಿಯನ್ನೂ ಆರಿಸಿ. ನಾನು ಎರಡನ್ನೂ ಮಾಡಿದ್ದೇನೆ, ಫೋನಿನಿಂದ ಟಿವಿಗೆ ವಿಡಿಯೊ ಯಾವ ತೊಡಕೂ ಇಲ್ಲದೆ ಹೋಗುತ್ತಿದೆ.