ಕೆಟ್ಟದ್ದನ್ನೇ ಮೊದಲು ಯೋಚಿಸುವ ಅಡುಗೆ ಭಟ್ಟರು: ಸಾಗರದ ಕಡೆ ಮದುವೆ ಇದ್ದರೆ ಓದಿ

ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ ಸಾಗರದ ಹತ್ತಿರ ನಮ್ಮ ಮನೆ ಅಂಗಳದಲ್ಲೇ ಆಯಿತು. ಅಡುಗೆಗೆ ಬಂದಿದ್ದ ಭಟ್ಟರ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಹಾಕಿಲ್ಲ.

ಊಟ ಬಹಳ ಚೆನ್ನಾಗಿತ್ತು. ಅಪ್ಪೆಹುಳಿ, ತೊಂಡೆಕಾಯಿ ಗೇರುಬೀಜದ ಪಲ್ಯ, ಕಾಯಿ ಹೋಳಿಗೆ, ಮಾವಿನಹಣ್ಣಿನ ಸಾಸಿವೆ, ಎಲ್ಲಕ್ಕೂ ಫುಲ್ ಮಾರ್ಕ್ಸ್. ಆದರೆ ರುಚಿಯಾಗಿ ಅಡುಗೆ ಮಾಡುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಇವರ ತಲೆ ಓಡುವ ರೀತಿಯೇ ಬೇರೆ.

ಮಾತಾಡಲು ಬಂದ ದಿನ ನಾವು ಮೆನು ಬರೆದಿಟ್ಟುಕೊಂಡಿದ್ದೆವು. ಅವರು ಅದನ್ನು ನೋಡಲೇ ಇಲ್ಲ. ಸೀದಾ ಹಿತ್ತಲಿಗೆ ಹೋಗಿ ಬಾವಿ ಬಗ್ಗಿ ನೋಡಿದರು. "ಮೇ ಕೊನೆಗೆ ಇದರಲ್ಲಿ ನೀರು ಎಷ್ಟಿರ್ತದೆ?" ಆಮೇಲೆ ಜಗಲಿ ಮೇಲೆ ಕೂತು ಕವಳ ಹಾಕುತ್ತಾ ಕೇಳಿದರು: "ಮದುವೆ ಮುಗೀತು ಅಂತ ಇಟ್ಕೊಳ್ಳಿ. ಮೂರನೇ ಪಂಕ್ತಿಗೆ ಅನ್ನ ಸಾಲ್ಲಿಲ್ಲ. ಯಾಕೆ ಸಾಲ್ಲಿಲ್ಲ ಹೇಳಿ ನೋಡುವ."

ಅಜ್ಜಿಗೆ ಎದೆ ಧಸಕ್ಕೆಂದಿತು. "ಬಿಡ್ತು ಅನ್ನು ಮಾರಾಯ! ಮದುವೆ ಮನೇಲಿ ಇದೆಂಥ ಮಾತು?" ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟದ್ದು ಆಡಬಾರದು ಅಂತ ಕೇಳಿಕೊಂಡೇ ಬೆಳೆದವರಲ್ವಾ ನಾವೆಲ್ಲ. ಭಟ್ಟರು "ಬಿಡ್ತು ಬಿಡ್ತು ಅಮ್ಮ" ಅಂತ ಕೈ ಮುಗಿದರು. ಮತ್ತೆ ನಮ್ಮ ಕಡೆ ತಿರುಗಿದರು. "ಯಾಕೆ ಸಾಲ್ಲಿಲ್ಲ?"

ಒಬ್ಬೊಬ್ಬರೇ ಬಾಯಿ ಬಿಟ್ಟೆವು. ಗಂಡಿನ ಕಡೆಯವರು ಇನ್ನೊಂದು ಬಸ್ ಜನ ಕರೆತಂದರು ಅಂದರು ಅಪ್ಪ. ಮಳೆ ಬಂದು ಹೊರಗಿನ ಒಲೆ ಆರಿತು ಅಂದಳು ಅಮ್ಮ. ಕರೆಂಟ್ ಹೋಗಿ ಗ್ರೈಂಡರ್ ನಿಂತಿತು ಅಂದೆ ನಾನು. ಭಟ್ಟರ ಹಳೇ ನೋಟ್‌ಬುಕ್ಕಿನಲ್ಲಿ ಎಡಗಡೆ ತೊಂದರೆ, ಬಲಗಡೆ ಅದಕ್ಕೆ ಏನು ಮಾಡಬೇಕು, ಯಾರು ಮಾಡಬೇಕು. ಹೆಚ್ಚಿನ ಅಕ್ಕಿ ಅಳೆದು ಬೇರೆ ಇಡಬೇಕು, ಪಕ್ಕದಲ್ಲಿ ಒಂದು ಹಂಡೆ ನೀರು ಕುದಿಯುತ್ತಿರಬೇಕು, ಜನ ಬಂದರೆ ಮಾತ್ರ ಅಕ್ಕಿ ಹಾಕುವುದು. ಸೌದೆ ಒಲೆಯ ಜೊತೆಗೆ ಕೊಟ್ಟಿಗೆ ಮಾಡಿನ ಕೆಳಗೆ ಗ್ಯಾಸ್ ಒಲೆ, 19 ಕೆಜಿ ಸಿಲಿಂಡರ್. ಆ ಸೆಕೆಯಲ್ಲಿ ಕಾಯಿ ಹಿಂದಿನ ದಿನವೇ ರುಬ್ಬಿಟ್ಟರೆ ಹಳಸುತ್ತೆ, ಹಾಗಾಗಿ ಜನರೇಟರ್ ಬೇಕೇ ಬೇಕು. ಪಕ್ಕದ ಮನೆ ಬಾವಿಯಿಂದ ಪೈಪ್ ಎಳೆಯುವ ಕೆಲಸ ನನ್ನ ಚಿಕ್ಕಪ್ಪನ ಹೆಸರಿಗೆ ಬಿತ್ತು.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ನಮ್ಮಲ್ಲಿ ನೆಗೆಟಿವ್ ಟೆಸ್ಟಿಂಗ್ ಅಂತಲೇ ಒಂದು ಕೆಲಸ ಇದೆ. ವಯಸ್ಸಿನ ಜಾಗದಲ್ಲಿ ಮೈನಸ್ 5 ಹಾಕು, ಹಣ ಕಟ್ಟುವಾಗ ಮಧ್ಯದಲ್ಲಿ ನೆಟ್ ಕಟ್ ಮಾಡು, ಆಗ ಏನಾಗುತ್ತೆ ನೋಡು. ಭಟ್ಟರು ಮಾಡಿದ ಹಾಗೆಯೇ ಕೂತು ಯೋಚಿಸುವ ಕ್ರಮಕ್ಕೆ ಪ್ರೀಮಾರ್ಟಮ್ ಅಂತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಇದರ ಬಗ್ಗೆ ಬರೆದಿದ್ದರು. ಏನಾದರೂ ಕೆಡಬಹುದಾ ಅಂತ ಕೇಳಿದರೆ ಎಲ್ಲರೂ "ಏನೂ ಆಗಲ್ಲ ಬಿಡಿ" ಅಂತಾರೆ. ಆಗಲೇ ಕೆಟ್ಟಿದೆ, ಯಾಕೆ ಅಂತ ಕೇಳಿದರೆ ಸುಮ್ನೆ ಕೂತವರಿಗೂ ಕಾರಣ ಹೊಳೆಯುತ್ತೆ.

ಪಾಸಿಟಿವ್ ಆಗಿರಿ ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಗಾಬ್ರಿಯೆಲೆ ಓಟಿಂಗೆನ್ ಅನ್ನುವ ಮನಶ್ಶಾಸ್ತ್ರಜ್ಞೆ ತೂಕ ಇಳಿಸಲು ಬಂದ ಹೆಂಗಸರ ಬಗ್ಗೆ ಅಧ್ಯಯನ ಮಾಡಿ 1991ರಲ್ಲಿ ಪ್ರಕಟಿಸಿದ್ದರು. ನನ್ನಿಂದ ಆಗುತ್ತೆ ಅಂತ ನಂಬಿದವರ ತೂಕ ಜಾಸ್ತಿ ಇಳಿದಿತ್ತು. ಸಣ್ಣಗಾದ ತಮ್ಮನ್ನು ಊಹಿಸಿಕೊಂಡು ಖುಷಿಪಟ್ಟವರದ್ದು ಕಡಿಮೆ ಇಳಿದಿತ್ತು. ನಂಬಿಕೆ ಬೇಕು, ಹಗಲುಗನಸು ಬೇಡ. ನಮ್ಮ ನೆಂಟರ ಮನೆ ನಾಮಕರಣಕ್ಕೆ ಬಂದಿದ್ದ ಇನ್ನೊಬ್ಬ ಕಾಂಟ್ರಾಕ್ಟರ್ ಎಲ್ಲದಕ್ಕೂ "ಟೆನ್ಷನ್ ಬೇಡ ಮೇಡಂ, ನಾವ್ ನೋಡ್ಕೋತೀವಿ" ಅಂದಿದ್ದರು. ಅಲ್ಲಿ ಕೊನೆ ಪಂಕ್ತಿಯವರು ನೀರು ಸಾರು ಉಂಡು ಎದ್ದರು. ಉಂಡವರಿಗಿಂತ ಬಡಿಸಿದ ಮನೆಯವರ ಮುಖ ನೋಡಲಾಗುತ್ತಿರಲಿಲ್ಲ.

ನಮ್ಮಲ್ಲಿ ಮದುವೆಯ ಹಿಂದಿನ ರಾತ್ರಿಯೇ ಗುಡುಗು ಮಳೆ. ಕರೆಂಟ್ ಹೋಗಿದ್ದು ಮರುದಿನ ಊಟ ಮುಗಿದರೂ ಬರಲಿಲ್ಲ. ಅಂಗಳದ ಒಲೆಯೆಲ್ಲ ಕೆಸರು. ಯಾರೂ ಕಿರುಚಾಡಲಿಲ್ಲ. ಭಟ್ಟರ ಹುಡುಗರು ಕೊಪ್ಪರಿಗೆಗಳನ್ನು ಮಾಡಿನ ಕೆಳಗೆ ಹೊತ್ತುಕೊಂಡು ಹೋದರು, ಜನರೇಟರ್ ಶುರುವಾಯಿತು, ಕಾಯಿ ರುಬ್ಬಿ ಆಯಿತು. ಊಟ ಹೇಳಿದ ಹೊತ್ತಿಗೇ ಎಲೆಗೆ ಬಿತ್ತು. ಹೆಚ್ಚಿನ ಬಸ್ ಬರಲಿಲ್ಲ. ಎತ್ತಿಟ್ಟ ಅಕ್ಕಿ ಹಾಗೇ ಉಗ್ರಾಣಕ್ಕೆ ವಾಪಸ್ ಹೋಯಿತು, ಒಂದು ಅಗುಳೂ ದಂಡವಾಗಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಬೇರೆಯವರಿಗಿಂತ ರೇಟ್ ಸ್ವಲ್ಪ ಜಾಸ್ತಿ, ಜನರೇಟರ್ ಬಾಡಿಗೆ ಬೇರೆ. ಅವರ ಪ್ರಶ್ನೆಗಳು ಎಲ್ಲರಿಗೂ ಆಗಿಬರುವುದಿಲ್ಲ. ಅಮ್ಮ ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಪ್ರತಿ ತೊಂದರೆಯ ಮುಂದೆ ಒಬ್ಬೊಬ್ಬರ ಹೆಸರು ಬರೆದ ನಕಲು ಕೈಗೆ ಬಂದ ಮೇಲೆಯೇ ಅವಳಿಗೆ ಸಮಾಧಾನ ಆಗಿದ್ದು. ಮನೆಯಲ್ಲಿ ತೀರಾ ಹೆದರುವ ಹಿರಿಯರಿದ್ದರೆ ಮೊದಲ ಮಾತುಕತೆಗೆ ಅವರನ್ನು ಕೂರಿಸಬೇಡಿ.

ನಂಬರ್ ಬೇಕಿದ್ದವರು ನನಗೆ ಮೆಸೇಜ್ ಮಾಡಿ. ವೈಶಾಖದ ಮುಹೂರ್ತ ಆದರೆ ದೀಪಾವಳಿಯೊಳಗೆ ಹೇಳಿಡುವುದು ಒಳ್ಳೆಯದು. ಅವರು ಬರುವ ಮೊದಲು ಬಾವಿಯ ನೀರು ನೋಡಿಕೊಂಡಿರಿ, ಕೇಳೇ ಕೇಳುತ್ತಾರೆ.