ಮೂರು ವರ್ಷವಾದರೂ ಡಿಲೀಟ್ ಮಾಡದ ಆ್ಯಪ್‌ಗಳು, ಅದರಲ್ಲೂ ಅಪ್ಪಯ್ಯನ ಕೈಬರಹದ ಕೀಬೋರ್ಡ್

ನನ್ನ ಫೋನ್ 64 ಜಿಬಿಯದು. 11,000 ರೂಪಾಯಿಗೆ ತಗೊಂಡು ಮೂರು ವರ್ಷ ಆಯಿತು. ಅಪ್ಪಯ್ಯನ ಕೈಯಲ್ಲಿರುವುದು ಅದಕ್ಕೂ ಮೊದಲು ನಾನು ಬಳಸುತ್ತಿದ್ದ 32 ಜಿಬಿ ಫೋನ್. ಜಾಗ ಯಾವಾಗಲೂ ಕಡಿಮೆ. ಹಾಗಾಗಿ ನಮ್ಮ ಮನೆಯಲ್ಲಿ ಯಾವ ಆ್ಯಪ್ ಹಾಕಿದರೂ ಒಂದು ತಿಂಗಳು ನೋಡುತ್ತೇವೆ. ಕೆಲಸಕ್ಕೆ ಬಂದರೆ ಇರುತ್ತದೆ, ಇಲ್ಲದಿದ್ದರೆ ತೆಗೆದುಬಿಡುತ್ತೇವೆ. ದುಡ್ಡು ಕೊಟ್ಟು ಆ್ಯಪ್ ಕೊಳ್ಳುವ ಅಭ್ಯಾಸ ನನಗಿಲ್ಲ, ಇಲ್ಲಿ ಹೇಳುವುದೆಲ್ಲ ಪುಕ್ಕಟೆ ಸಿಗುವಂಥವು. ಎಷ್ಟು ಎಂಬಿ, ಎಷ್ಟು ಸ್ಟಾರ್ ಅನ್ನುವುದು ಪ್ಲೇ ಸ್ಟೋರ್‌ನಲ್ಲೇ ಕಾಣುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ.

ಮೊದಲು ಎಂ-ಇಂಡಿಕೇಟರ್, ಮುಂಬೈ ಲೋಕಲ್ ರೈಲುಗಳ ಟೈಮ್‌ಟೇಬಲ್ ತೋರಿಸುವ ಆ್ಯಪ್. ಮುಂಬೈಯವರಿಗೆ ಇದರ ಪರಿಚಯ ಮಾಡಿಸಬೇಕಾಗಿಲ್ಲ, 2010ರಿಂದ ಇದೆ. ಊರಿಂದ ಹೊಸದಾಗಿ ಬಂದವರಿಗೆ ಮಾತ್ರ ಹೇಳುತ್ತೇನೆ, ರೂಮ್ ಹುಡುಕುವ ಮೊದಲು ಇದನ್ನು ಹಾಕಿಕೊಳ್ಳಿ. ನಾನಿರುವುದು ಡೊಂಬಿವಲಿ ಪೂರ್ವದಲ್ಲಿ, ಆಫೀಸು ಫೋರ್ಟ್‌ನಲ್ಲಿ. ಫೋರ್ಟ್ ಹತ್ತಿರದ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಸುಮಾರು 48 ಕಿಲೋಮೀಟರ್. ಬೆಳಿಗ್ಗೆ ಕಾಫಿ ಡಿಕಾಕ್ಷನ್ ಇಳಿಯುವ ಹೊತ್ತಿಗೆ ನಾನು ನೋಡುವುದು ಒಂದೇ ವಿಷಯ: ಡೊಂಬಿವಲಿಯಿಂದಲೇ ಹೊರಡುವ ಗಾಡಿ ಯಾವುದಿದೆ, ಯಾವ ಪ್ಲಾಟ್‌ಫಾರ್ಮ್. ಬದಲಾಪುರದಿಂದ, ಕಲ್ಯಾಣದಿಂದ ಬರುವ ಗಾಡಿ ನಮ್ಮಲ್ಲಿಗೆ ಬರುವಾಗಲೇ ತುಂಬಿರುತ್ತದೆ. ಇಲ್ಲಿಂದಲೇ ಶುರುವಾಗುವ ಗಾಡಿಯಲ್ಲಾದರೆ ಒಂದೊಂದು ದಿನ ಕೂರಲಿಕ್ಕೆ ಸೀಟೂ ಸಿಗುತ್ತದೆ. ಟೈಮ್‌ಟೇಬಲ್ ಫೋನಿನಲ್ಲೇ ಇರುವುದರಿಂದ ನೆಟ್ ಇಲ್ಲದಿದ್ದರೂ ತೆರೆದುಕೊಳ್ಳುತ್ತದೆ. ಭಾನುವಾರ ಮಾಟುಂಗಾಕ್ಕೆ ಹೊರಟರೆ ಮೆಗಾಬ್ಲಾಕ್ (ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು) ಎಲ್ಲಿದೆ ಅಂತ ಇದರಲ್ಲೇ ನೋಡಿಕೊಂಡು ಹೊರಡುತ್ತೇವೆ. ಮೂರು ವರ್ಷದಲ್ಲಿ ಒಂದು ದಿನವೂ ಇದನ್ನು ತೆಗೆಯಬೇಕು ಅನ್ನಿಸಲಿಲ್ಲ.

ಸ್ಕ್ಯಾನರ್ ಬೇರೆ ಬೇಕಾಗಿಲ್ಲ. ಹಿಂದೆ ಎಲ್ಲರ ಫೋನಿನಲ್ಲೂ ಇದ್ದ ಸ್ಕ್ಯಾನರ್ ಆ್ಯಪ್ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಹೋಯಿತು. ಆಮೇಲೆ ನಾನು ಗೂಗಲ್ ಡ್ರೈವ್‌ನಲ್ಲಿರುವ ಸ್ಕ್ಯಾನ್ ಬಟನ್‌ನಲ್ಲೇ ಎಲ್ಲ ಮುಗಿಸುತ್ತೇನೆ. ಬ್ಯಾಂಕಿಗೂ ಶಾಲೆಗೂ ಅಷ್ಟು ಸಾಕು.

ನನ್ನ ಹೆಂಡತಿ ಶಿವಮೊಗ್ಗದವಳು, ಮದುವೆಯಾಗಿ ಇಲ್ಲಿಗೆ ಬಂದಾಗ ಮರಾಠಿ ಬರುತ್ತಿರಲಿಲ್ಲ. ಸೊಸೈಟಿಯ ನೋಟಿಸ್ ಬೋರ್ಡಿನ ಎದುರು ನಿಂತು ಗೂಗಲ್ ಟ್ರಾನ್ಸ್‌ಲೇಟ್‌ನ ಕ್ಯಾಮೆರಾ ಹಿಡಿದು ಓದುತ್ತಿದ್ದಳು. ನೀರು ಯಾವತ್ತು ಬರುವುದಿಲ್ಲ, ಟ್ಯಾಂಕ್ ತೊಳೆಯುವುದು ಯಾವಾಗ, ಅಷ್ಟು ಗೊತ್ತಾದರೆ ಸಾಕಲ್ವಾ. ಈಗ ಅವಳು ಬರೀ ಕಣ್ಣಲ್ಲೇ ಓದುತ್ತಾಳೆ, ಆ್ಯಪ್ ಸುಮ್ನೆ ಇದೆ.

ಇನ್ನು ಟಾರ್ಚ್ ಆ್ಯಪ್. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಅಪ್ಪಯ್ಯನ ಫೋನಿಗೆ ಯಾರೋ ಒಂದು ಟಾರ್ಚ್ ಆ್ಯಪ್ ಹಾಕಿಕೊಟ್ಟಿದ್ದರು. ಹೆಸರು ಹೇಳುವುದಿಲ್ಲ, ಅದೇ ಥರದವು ನೂರಾರು ಇವೆ. ಜುಲೈ ತಿಂಗಳು, ಜೋರು ಮಳೆ, ಕರೆಂಟ್ ಹೋಯಿತು. ನಮ್ಮದು ಹಳೆಯ ಬಿಲ್ಡಿಂಗ್, ನಾಲ್ಕು ಮಾಳಿಗೆ, ಲಿಫ್ಟ್ ಇಲ್ಲ. ಅಪ್ಪಯ್ಯ ಹಾಲು ತರಲು ಹೋದವರು ಎರಡನೇ ಮಾಳಿಗೆಯ ತಿರುವಿನಲ್ಲಿದ್ದರು. ಟಾರ್ಚ್ ಒತ್ತಿದರೆ ಬೆಳಕಿನ ಬದಲು ಪರದೆ ತುಂಬ ಜಾಹೀರಾತು ಬಂತು. ಅದನ್ನು ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು. ಎಪ್ಪತ್ತು ದಾಟಿದ ಮನುಷ್ಯ, ಒಂದು ಕೈಯಲ್ಲಿ ಹಾಲಿನ ಚೀಲ, ಇನ್ನೊಂದು ಕೈಯಲ್ಲಿ ಫೋನ್, ಒದ್ದೆ ಮೆಟ್ಟಿಲು, ಕತ್ತಲೆ. ಗೋಡೆ ಹಿಡಿದುಕೊಂಡು ಅಲ್ಲೇ ನಿಂತಿದ್ದರಂತೆ. ಪಕ್ಕದ ಮನೆಯ ಹುಡುಗ ಬಾಗಿಲು ತೆರೆದಾಗ ಬೆಳಕು ಬಂದು, ಅವನೇ ಮೇಲೆ ಕರೆದುಕೊಂಡು ಬಂದ.

ಆ ರಾತ್ರಿ ಆ ಆ್ಯಪ್‌ನ ಅನುಮತಿಗಳನ್ನು ನೋಡಿದೆ. ಲೊಕೇಶನ್, ಕಾಂಟ್ಯಾಕ್ಟ್, ಮೈಕ್, ಎಲ್ಲ ಇತ್ತು. ದೀಪ ಹಚ್ಚಲಿಕ್ಕೆ ನಮ್ಮ ಕಾಂಟ್ಯಾಕ್ಟ್ ಯಾಕೆ ಬೇಕು? ಇದು ಹೊಸ ರೋಗವೇನಲ್ಲ. 2013ರಲ್ಲೇ ಅಮೆರಿಕದಲ್ಲಿ ಒಂದು ಟಾರ್ಚ್ ಆ್ಯಪ್ ಜನರ ಲೊಕೇಶನ್ ಅನ್ನು ಜಾಹೀರಾತಿನವರಿಗೆ ಕೊಡುತ್ತಿದೆ ಅಂತ ಅಲ್ಲಿನ ಸರ್ಕಾರಿ ಆಯೋಗ ಕೇಸ್ ಹಾಕಿತ್ತು. 2019ರಲ್ಲಿ ಒಂದು ಆಂಟಿವೈರಸ್ ಕಂಪನಿ 937 ಟಾರ್ಚ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿದಾಗ ಸರಾಸರಿ 25 ಅನುಮತಿ ಕೇಳುತ್ತಿದ್ದವು. ನಿಜ ಹೇಳಬೇಕೆಂದರೆ ಆಂಡ್ರಾಯ್ಡ್ ಫೋನಿಗೆ ಬೇರೆ ಟಾರ್ಚ್ ಬೇಕೇ ಇಲ್ಲ. 2014ರ ಆಂಡ್ರಾಯ್ಡ್ ಲಾಲಿಪಾಪ್ ಆವೃತ್ತಿಯಿಂದ ಅದು ಒಳಗೇ ಬರುತ್ತದೆ, ಪರದೆಯನ್ನು ಮೇಲಿಂದ ಕೆಳಗೆ ಎಳೆದರೆ ಅಲ್ಲೇ ಇದೆ. ಅಪ್ಪಯ್ಯನಿಗೆ ಅದನ್ನೇ ಹತ್ತು ಸಲ ಮಾಡಿಸಿ ತೋರಿಸಿದೆ. ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಬೇರೆ ಟಾರ್ಚ್ ಆ್ಯಪ್ ಇದ್ದರೆ ಇವತ್ತೇ ತೆಗೆಯಿರಿ.

ಹಾಗೆ ಅವರ ಫೋನ್ ಚೊಕ್ಕ ಮಾಡುತ್ತಾ ಕೂತಾಗಲೇ ನನಗೆ ಈ ಕೀಬೋರ್ಡ್ ಸಿಕ್ಕಿದ್ದು. ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಅಪ್ಪಯ್ಯ ಕುಂದಾಪುರ ಕಡೆಯಿಂದ ಹುಡುಗನಾಗಿದ್ದಾಗ ಮುಂಬೈಗೆ ಬಂದವರು. ಹಗಲು ಮಾಟುಂಗಾದ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ. ಆಮೇಲೆ ಗಲ್ಲಾದಲ್ಲಿ ಕೂತು ವರ್ಷಗಟ್ಟಲೆ ಲೆಕ್ಕ ಬರೆದರು. ಕೈಬರಹ ಈಗಲೂ ಉರುಟಾಗಿ ಚೆಂದ. ಆದರೆ ಫೋನಿನಲ್ಲಿ ಒಂದಕ್ಷರ ಬರೆಯುತ್ತಿರಲಿಲ್ಲ. ಕಿವಿ ಸ್ವಲ್ಪ ಮಂದ, ನಾನು ಲೋಕಲ್‌ನಿಂದ ಫೋನ್ ಮಾಡಿದರೆ ಅವರಿಗೆ ಕೇಳುವುದಿಲ್ಲ, ಅವರು ಮಾಡಿದರೆ ಆ ಗದ್ದಲದಲ್ಲಿ ನನಗೆ ಕೇಳುವುದಿಲ್ಲ. ಮಾತಾಡಿದರೆ ಟೈಪ್ ಆಗುವ ಆ್ಯಪ್‌ಗಳನ್ನೂ ನೋಡಿದೆವು. ಕುಕ್ಕರ್ ಸೀಟಿ, ಟಿವಿ, ಅದರ ಮೇಲೆ ನಮ್ಮ ಕುಂದಾಪುರದ ಮಾತು, ಸರಿಬರಲಿಲ್ಲ.

ಕನ್ನಡ ಕೀಬೋರ್ಡ್‌ನಲ್ಲಿ ಅವರು ಎಲ್ಲಿ ಸಿಕ್ಕಿಬೀಳುತ್ತಿದ್ದರು ಅಂತ ನನಗೆ ಎಷ್ಟೋ ದಿನ ಗೊತ್ತೇ ಆಗಿರಲಿಲ್ಲ. ಪಕ್ಕದಲ್ಲಿ ಕೂತು ನೋಡಿದ ಮೇಲೆ ತಿಳಿಯಿತು. ‘ಅರ್ಧ’ ಅಂತ ಬರೆಯಬೇಕು ಅನ್ನಿ. ಕಾಗದದಲ್ಲಿ ಅವರು ಮೊದಲು ಅ ಬರೆಯುತ್ತಾರೆ, ಆಮೇಲೆ ಧ, ಕೊನೆಗೆ ಅದರ ಪಕ್ಕ ಅರ್ಕಾವತ್ತು ಎಳೆಯುತ್ತಾರೆ. ಕೀಬೋರ್ಡ್‌ನಲ್ಲಿ ಹಾಗಲ್ಲ. ಮೊದಲು ರ ಒತ್ತಬೇಕು, ಅದಕ್ಕೆ ಅರ್ಧಾಕ್ಷರದ ಚಿಹ್ನೆ ಕೊಡಬೇಕು, ಆಮೇಲೆ ಧ. ಕೈ ಅರವತ್ತು ವರ್ಷ ಮಾಡಿದ ಕ್ರಮವೇ ತಿರುಗುಮುರುಗು. ಅರ್ಕಾವತ್ತು ಎಲ್ಲಿದೆ ಅಂತ ಕೀಬೋರ್ಡ್ ತುಂಬ ಹುಡುಕುತ್ತಿದ್ದರು, ಅದು ಎಲ್ಲೂ ಇಲ್ಲ. ಅದಕ್ಕೇ ನಮ್ಮ ಗುಂಪುಗಳಲ್ಲಿ ಎಷ್ಟೋ ಜನ ಕನ್ನಡದ ೯ ಅಂಕಿಯನ್ನೇ ಅರ್ಕಾವತ್ತಿನ ಜಾಗದಲ್ಲಿ ಹಾಕಿ ಕಳಿಸುತ್ತಾರೆ, ನೋಡಿರಬಹುದು.

ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡಕ್ಕೆ ಕೈಬರಹದ ಲೇಔಟ್ ಇದೆ. ಪರದೆಯ ಕೆಳಗಿನ ಅರ್ಧ ಖಾಲಿ ಪಟ್ಟಿ ಆಗುತ್ತದೆ, ಅಲ್ಲಿ ಬೆರಳಿನಿಂದ ಬರೆಯುವುದು, ಅಷ್ಟೇ. ಗೂಗಲ್ ಈ ಕೈಬರಹದ ಕೆಲಸವನ್ನು 2015ರಲ್ಲೇ ಒಂದು ಬೇರೆ ಆ್ಯಪ್ ಆಗಿ ಬಿಟ್ಟಿತ್ತು, ಆಗಲೇ 82 ಭಾಷೆ ಇತ್ತು. ಆಮೇಲೆ ಜಿಬೋರ್ಡ್‌ನಲ್ಲೇ ಬಂತು. ಹುಡುಕುವುದು ಹೇಗೆ ಅಂದರೆ, ಕೀಬೋರ್ಡ್ ತೆರೆದು ಹಲ್ಲುಚಕ್ರದ ಗುರುತು ಒತ್ತಿ, ಭಾಷೆಗಳಿಗೆ ಹೋಗಿ ಕನ್ನಡ ಸೇರಿಸಿ. ಅಲ್ಲಿ ಮೇಲೆ ಕೆಲವು ಲೇಔಟ್‌ಗಳ ಚಿತ್ರ ಬರುತ್ತದೆ, ಪಕ್ಕಕ್ಕೆ ಸರಿಸುತ್ತಾ ಹೋದರೆ ಕೈಬರಹ ಸಿಗುತ್ತದೆ. ಅದರದ್ದೊಂದು ಫೈಲ್ ಇಳಿಯಬೇಕು, ಅದು ಇಳಿದ ಮೇಲೆ ನೆಟ್ ಇಲ್ಲದಿದ್ದರೂ ಓದುತ್ತದೆ. ಇಂಗ್ಲಿಷಿಗೆ ಹೋಗಬೇಕಾದರೆ ಸ್ಪೇಸ್ ಬಾರ್ ಅನ್ನು ಒತ್ತಿ ಹಿಡಿದರಾಯಿತು.

ಮೊದಲ ದಿನ ಅಪ್ಪಯ್ಯ ನಂಬಲಿಲ್ಲ. “ಎಂತ ಮಾಣಿ, ಇದ್ಕೆ ನನ್ ಅಕ್ಷರ ಓದೂಕೆ ಬತ್ತಾ?” ಅಂದರು. ಬರೆದು ನೋಡಿ ಅಪ್ಪಯ್ಯ ಅಂದೆ. ತೋರುಬೆರಳಿನಿಂದ ‘ಕಾರ್ಕಳ’ ಬರೆದರು. ಕಾ ಆಯಿತು, ಎರಡನೇ ಕ ಆಯಿತು, ಅದರ ಪಕ್ಕ ಅರ್ಕಾವತ್ತಿನ ಕೊಕ್ಕೆ, ಆಮೇಲೆ ಳ. ಬೆರಳು ಎತ್ತಿದ ಒಂದು ಕ್ಷಣಕ್ಕೆ ಮೇಲಿನ ಪಟ್ಟಿಯಲ್ಲಿ ‘ಕಾರ್ಕಳ’ ಅಂತ ಅಚ್ಚಾಗಿ ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಆಮೇಲೆ ಮಾತಿಲ್ಲದೆ ಬರೆಯುತ್ತಾ ಕೂತರು: ಸೂರ್ಯ, ಅಕ್ಕಿ, ಉಪ್ಪು, ಶಾಸ್ತ್ರ, ನನ್ನ ಮಗಳ ಹೆಸರು. ಒತ್ತಕ್ಷರವನ್ನು ಕೆಳಗೆ ಬರೆದರೆ ಸಾಕು, ಅದು ಒತ್ತು ಅಂತ ಅರ್ಥ ಮಾಡಿಕೊಳ್ಳುತ್ತದೆ. ಊಟಕ್ಕೆ ಕರೆದರೂ ಏಳಲಿಲ್ಲ.

ಈಗ ದಿನಾ ಸಂಜೆ ನಾನು ಸಿಎಸ್‌ಎಂಟಿಯಲ್ಲಿ ಗಾಡಿ ಹತ್ತಿದ ಮೇಲೆ ಅವರ ಚೀಟಿ ವಾಟ್ಸಾಪ್‌ನಲ್ಲಿ ಬರುತ್ತದೆ. “ಅರ್ಧ ಲೀಟರ್ ಹಾಲು. ಕೊತ್ತಂಬರಿ ಸೊಪ್ಪು, ಬಾಡಿದ್ದು ಬೇಡ.” ಠಾಣೆ ದಾಟುವ ಹೊತ್ತಿಗೆ ಇನ್ನೊಂದು ಸಾಲು ಸೇರಿರುತ್ತದೆ. ಫಡಕೆ ರೋಡಿನಲ್ಲಿ ತರಕಾರಿಯವನ ಎದುರು ನಿಂತು ಅದನ್ನು ನೋಡಿಕೊಂಡು ತೆಗೆದುಕೊಳ್ಳುತ್ತೇನೆ. ಅವರು ಪೂರ್ಣವಿರಾಮ ಕೂಡ ಬಿಡುವುದಿಲ್ಲ. ಹೋಟೆಲಿನಲ್ಲಿ ಜೊತೆಗೆ ಕೆಲಸ ಮಾಡಿ ಈಗ ಊರಲ್ಲಿರುವ ಸ್ನೇಹಿತರೊಬ್ಬರಿಗೆ ಹಿಂದೆ ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದರು, ಅದು ನಿಂತು ಎಷ್ಟೋ ವರ್ಷವಾಗಿತ್ತು. ಈಗ ಅವರಿಗೆ ದಿನ ಬಿಟ್ಟು ದಿನ ಬರೆಯುತ್ತಾರೆ. ಅವರಿಗೂ ಈ ಕೀಬೋರ್ಡ್ ಹಾಕಿಕೊಡು ಅಂತ ಅವರ ಮೊಮ್ಮಗನಿಗೆ ನಾನೇ ದಾರಿ ಹೇಳಿದೆ. ಇಬ್ಬರದ್ದೂ ಮಳೆ, ಮೊಣಕಾಲು ನೋವು, ಹಳೆಯ ಗಿರಾಕಿಗಳ ಸುದ್ದಿ.

ತಪ್ಪು ಬರುವುದೇ ಇಲ್ಲ ಅಂತಲ್ಲ. ಅವಸರದಲ್ಲಿ ಬರೆದರೆ ಮ ಹೋಗಿ ವು ಆಗುತ್ತದೆ, ಹೊಟ್ಟೆಯೊಳಗಿನ ಚುಕ್ಕಿ ಮರೆತರೆ ಥ ಹೋಗಿ ಧ ಆಗುತ್ತದೆ, ಅದು ಕಾಗದದಲ್ಲೂ ಹಾಗೇ ಅಲ್ವಾ. ಮೇಲಿನ ಪಟ್ಟಿಯಲ್ಲಿ ಎರಡು ಮೂರು ಪದ ತೋರಿಸುತ್ತದೆ, ಸರಿಯಾದದ್ದನ್ನು ಮುಟ್ಟಿದರಾಯಿತು. ಪಾತ್ರೆ ತೊಳೆದ ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಟವೆಲ್ ಹತ್ತಿರ ಇಟ್ಟುಕೊಳ್ಳಬೇಕು. ಬೇಗ ಬೇಗ ಟೈಪ್ ಮಾಡಿ ಅಭ್ಯಾಸ ಇರುವ ನನ್ನಂಥವರಿಗೆ ಇದು ನಿಧಾನ, ನಾನು ಇದನ್ನು ಬಳಸುವುದಿಲ್ಲ. ಬರೆಯಲು ಬರುವ, ಟೈಪ್ ಮಾಡಲು ಬಾರದ ಹಿರಿಯರು ಮನೆಯಲ್ಲಿದ್ದರೆ ಮಾತ್ರ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಫೋನಿನಲ್ಲೇ ಬಂದದ್ದು, ಪುಕ್ಕಟೆ. ಮೂರು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಫೋನಿನಲ್ಲಿ ಇದು ಇದೆ ಅಂತ ನನಗೆ ಮೊದಲೇ ಗೊತ್ತಿದ್ದಿದ್ದರೆ ಅನ್ನುವ ಬೇಸರ ಮಾತ್ರ ಇದೆ.

ಜಾಗ ಖಾಲಿ ಮಾಡಲು ಫೈಲ್ಸ್ ಬೈ ಗೂಗಲ್ ಸಾಕು. ಗುಡ್ ಮಾರ್ನಿಂಗ್ ಚಿತ್ರಗಳನ್ನು ಒಟ್ಟಿಗೆ ಗುಡ್ಡೆ ಹಾಕಿ ತೋರಿಸುತ್ತದೆ, ತಿಂಗಳಿಗೊಮ್ಮೆ ಅಳಿಸುತ್ತೇನೆ. ಬ್ಯಾಟರಿ ಉಳಿಸುತ್ತೇವೆ, ಫೋನ್ ತಂಪು ಮಾಡುತ್ತೇವೆ ಅನ್ನುವ ಆ್ಯಪ್‌ಗಳ ತಂಟೆಗೆ ಹೋಗಬೇಡಿ.

ಕೊನೆಗೆ ಒಂದು ಸಣ್ಣ ಸಲಹೆ, ಕೈಬರಹ ಬಳಸುವವರಿಗೆ. ಗಾಜಿನ ಸ್ಕ್ರೀನ್ ಗಾರ್ಡ್ ಮೇಲೆ ಬೆರಳು ಜಾರುತ್ತದೆ, ಅಕ್ಷರ ಉದ್ದುದ್ದ ಎಳೆದುಹೋಗುತ್ತದೆ ಅಂತ ಅಪ್ಪಯ್ಯ ಹೇಳುತ್ತಿದ್ದರು. ಮೊನ್ನೆ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ 150 ರೂಪಾಯಿ ಕೊಟ್ಟು ಮ್ಯಾಟ್ ಗಾರ್ಡ್ ಹಾಕಿಸಿಕೊಂಡು ಬಂದೆ. ಮೇಲ್ಮೈ ಸ್ವಲ್ಪ ತರಿತರಿ ಇರುತ್ತದೆ, ಚಿತ್ರಗಳು ತುಸು ಮಂಕು. ಅಪ್ಪಯ್ಯ ಬೆರಳನ್ನು ಒಂದು ಸಲ ಅಡ್ಡ ಎಳೆದು ನೋಡಿ, “ಈಗ ಕಾಗ್ದದ್ ಮೇಲೆ ಬರ್ದಂಗೇ ಆತ್ತ್” ಅಂದರು. ಮರುದಿನ ಸಂಜೆಯ ಚೀಟಿ ಎಂಟು ಸಾಲು ಇತ್ತು.