ಹಳೆಯ ಮಾರುತಿಯ ಹೆಡ್ ಗ್ಯಾಸ್ಕೆಟ್: ಮುಳ್ಳೇರಿಯದ ಒಂದು ವರ್ಕ್‌ಶಾಪಿನ ಕೆಲಸ

ನನ್ನ 1998ರ ಮಾರುತಿ 800 ಕಾರು ಕಳೆದ ಮಾರ್ಚ್ ತಿಂಗಳಲ್ಲಿ ಸಂಪಾಜೆ ಘಾಟಿ ಏರುವಾಗ ಬಿಸಿಯೇರಿ ನಿಂತುಹೋಯಿತು. ಹೀಗಾದದ್ದು ಎರಡನೆಯ ಸಲ. ಮೂರು ತಿಂಗಳ ಹಿಂದಷ್ಟೇ ಬೇರೊಂದು ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿರುವ ಬ್ಲಾಕು ಮತ್ತು ಅದನ್ನು ಮುಚ್ಚುವ ಹೆಡ್ಡಿನ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ) ಬದಲಾಯಿಸಿಕೊಂಡಿದ್ದೆ. ಆದ್ದರಿಂದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಪೇಟೆಯಿಂದ ತುಸು ಹೊರಗೆ, ಇಬ್ಬರೇ ಕೆಲಸ ಮಾಡುವ ಈ ಚಿಕ್ಕ ವರ್ಕ್‌ಶಾಪಿಗೆ ಕಾರನ್ನು ಎಳೆಸಿ ತಂದಾಗ ನಾನು ಕೇಳಿದ್ದು, ಹೊಸ ಗ್ಯಾಸ್ಕೆಟ್ ಇಷ್ಟು ಬೇಗ ಏಕೆ ಹೋಯಿತು ಎಂದು.

"ಇವತ್ತು ಬಿಚ್ಚುವುದು ಬೇಡ ಮಾಷ್ಟ್ರೇ, ರಾತ್ರಿ ಇಂಜಿನ್ ತಣಿಯಲಿ. ನಾಳೆ ಬೆಳಿಗ್ಗೆ ನಿಮ್ಮೆದುರೇ ನೋಡುವ" ಎಂದರು ಮೆಕ್ಯಾನಿಕ್. ಮರುದಿನ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಇಂಜಿನ್ ಚಾಲೂ ಮಾಡಿದರು. ನೀರು ಉಗುರುಬೆಚ್ಚಗೂ ಆಗುವ ಮೊದಲೇ ಗುಳ್ಳೆಗಳು ಒಂದೇ ಸಮನೆ ಏಳತೊಡಗಿದವು. ಸಿಲಿಂಡರಿನ ಗ್ಯಾಸು ನೀರಿನ ದಾರಿಗೆ ನುಗ್ಗುತ್ತಿರುವುದರ ಗುರುತು ಅದು. ಅಷ್ಟಕ್ಕೇ ಬಿಡದೆ ಮೂರೂ ಸ್ಪಾರ್ಕ್ ಪ್ಲಗ್ ಕಳಚಿ ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆದರು. ಮೊದಲನೆಯ ಸಿಲಿಂಡರಿನಲ್ಲಿ 160 ಪಿಎಸ್‌ಐ ಇದ್ದರೆ, ಎರಡು ಮತ್ತು ಮೂರನೆಯದರಲ್ಲಿ 90ರ ಆಸುಪಾಸು ಮಾತ್ರ ಬಂತು. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗಲೂ ಮುಳ್ಳು ಏರಲಿಲ್ಲ. ಪಿಸ್ಟನ್ ರಿಂಗು ಸವೆದಿದ್ದರೆ ಆಯಿಲ್ ಆ ಸಂದನ್ನು ತುಂಬಿ ಒತ್ತಡ ಏರುತ್ತಿತ್ತು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡ ಒಟ್ಟಿಗೇ ಇಳಿದಿದ್ದರೆ ಅವೆರಡರ ನಡುವಿನ ಗ್ಯಾಸ್ಕೆಟ್ಟನ್ನೇ ಮೊದಲು ಸಂಶಯಿಸಬೇಕು ಎಂದು ವಿವರಿಸಿದರು. ಆಯಿಲಿಗೆ ನೀರು ಸೇರಿರಬಹುದೆಂದು ಆಯಿಲ್ ಮುಚ್ಚಳದ ಒಳಗಿನ ಬಿಳಿ ಪಸೆಯನ್ನು ನಾನು ತೋರಿಸಿದಾಗ, ಅದನ್ನೊಂದನ್ನೇ ನಂಬುವಂತಿಲ್ಲ ಎಂದರು. ನಮ್ಮ ಮಳೆಗಾಲದಲ್ಲಿ ಪೇಟೆಗೆ ಹೋಗಿಬರುವಷ್ಟೇ ಓಡುವ ಕಾರುಗಳಲ್ಲಿ, ಇಂಜಿನ್ ಪೂರ್ತಿ ಬಿಸಿಯಾಗದೆ, ತೇವದಿಂದಲೂ ಅಂಥ ಪಸೆ ಕಟ್ಟುತ್ತದೆ. ಆಯಿಲಿನ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದ್ದರೆ ಮಾತ್ರ ಚಿಂತಿಸಬೇಕು. ನನ್ನ ಕಾರಿನಲ್ಲಿ ಹಾಗಾಗಿರಲಿಲ್ಲ.

ಹೆಡ್ ಎತ್ತಿದ ಮೇಲೆ ಕಂಡದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವಿನ, ಬೆರಳಗಲವೂ ಇಲ್ಲದ ಪಟ್ಟಿಯಲ್ಲಿ ಗ್ಯಾಸ್ಕೆಟ್ಟಿನ ಲೋಹದ ಅಂಚು ಸುಟ್ಟು ಕರಗಿತ್ತು; ಅಲ್ಲಿಂದ ನೀರಿನ ತೂತಿನವರೆಗೆ ತೆಳುವಾದ ಮಸಿಯ ಗೆರೆ ಹರಿದಿತ್ತು. ಉಳಿದ ಪಿಸ್ಟನ್ನುಗಳ ತಲೆ ಮಸಿ ಹಿಡಿದಿದ್ದರೆ, ನೀರು ಸೇರಿದ ಎರಡನೆಯದು ಮಾತ್ರ ತಿಕ್ಕಿ ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಹೆಡ್ಡಿನ ಮೇಲೆ ಉಕ್ಕಿನ ನೇರ ಪಟ್ಟಿಯನ್ನಿಟ್ಟು ಸಂದಿನ ಅಗಲ ಅಳೆಯುವ ತೆಳು ಲೋಹದ ಎಲೆಗಳ ಫೀಲರ್ ಗೇಜು ತೂರಿಸಿದರು. 0.05 ಮಿಲಿಮೀಟರಿನ ಎಲೆಯೂ ತೂರಬಾರದ ಜಾಗದಲ್ಲಿ 0.10ರ ಎಲೆ ಸಲೀಸಾಗಿ ಹಾದುಹೋಯಿತು. ಈ ಇಂಜಿನ್ನಿನ ಬ್ಲಾಕು ಬೀಡು ಕಬ್ಬಿಣದ್ದು, ಹೆಡ್ಡು ಅಲ್ಯುಮಿನಿಯಮಿನದು. ಬಿಸಿಗೆ ಅಲ್ಯುಮಿನಿಯಮ್ ಹೆಚ್ಚು ಹಿಗ್ಗುವುದರಿಂದ ವಿಪರೀತ ಕಾದಾಗ ಹೆಡ್ಡು ಡೊಂಕಾಗುತ್ತದೆ. ಹಿಂದಿನ ಗ್ಯಾರೇಜಿನವರು ಇದನ್ನು ಅಳೆಯದೆಯೇ ಹೊಸ ಗ್ಯಾಸ್ಕೆಟ್ ಕೂರಿಸಿದ್ದರು. ಐದು ನಿಮಿಷದ ಅಳತೆಯೊಂದನ್ನು ಮಾಡದೆ ಹೋದದ್ದರಿಂದ ನನಗೆ ಎರಡು ಸಲ ಖರ್ಚು ಬಿತ್ತು ಎಂಬ ಬೇಸರ ಈಗಲೂ ಇದೆ.

ಹೆಡ್ಡನ್ನು ಮಂಗಳೂರಿಗೆ ಕಳುಹಿಸಿ, ಬಿರುಕಿದೆಯೇ ಎಂದು ಪ್ರೆಶರ್ ಪರೀಕ್ಷೆ ಮಾಡಿಸಿ, ಡೊಂಕು ಹೋಗುವಂತೆ ಅದರ ಮೈಯನ್ನು ಹೆರೆದು ಸಮಗೊಳಿಸುವ ಫೇಸಿಂಗ್ ಮಾಡಿಸಿ ತರಿಸಿದರು. ಜೋಡಣೆಯಲ್ಲಿ ಅವರು ತೋರಿದ ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬ್ಲಾಕಿನ ಬೋಲ್ಟ್ ಕುಳಿಗಳಲ್ಲಿ ನಿಂತಿದ್ದ ಆಯಿಲ್ ಮತ್ತು ನೀರನ್ನು ಗಾಳಿ ಹಾಯಿಸಿ ಒಂದೊಂದಾಗಿ ಒಣಗಿಸಿದರು. ಕುಳಿಯಲ್ಲಿ ದ್ರವ ಉಳಿದರೆ ಬೋಲ್ಟು ಬಿಗಿದಂತೆ ತೋರಿದರೂ ಹೆಡ್ಡು ಸರಿಯಾಗಿ ಒತ್ತಿರುವುದಿಲ್ಲವಂತೆ. ಅನಂತರ ನಡುವಿನ ಬೋಲ್ಟಿನಿಂದ ಆರಂಭಿಸಿ ಹೊರಕ್ಕೆ ಸಾಗುತ್ತ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಮೂರು ಸುತ್ತುಗಳಲ್ಲಿ ಬಿಗಿದರು.

ಕಾರು ಮೊದಲ ಸಲ ಬಿಸಿಯೇರಿದ್ದೇಕೆ ಎಂಬುದನ್ನೂ ಅವರು ಹುಡುಕದೆ ಬಿಡಲಿಲ್ಲ. ರೇಡಿಯೇಟರ್ ಫ್ಯಾನಿನ ಸ್ವಿಚ್ಚು ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಸುಮ್ಮನಿರುತ್ತಿತ್ತು. ನಾನು ವರ್ಷಗಟ್ಟಲೆ ಬಾವಿಯ ನೀರನ್ನೇ ತುಂಬಿಸುತ್ತಿದ್ದುದರಿಂದ ರೇಡಿಯೇಟರಿನ ಕೊಳವೆಗಳಲ್ಲಿ ತುಕ್ಕಿನ ಕೆಸರು ಕಟ್ಟಿತ್ತು. "ನಮ್ಮ ಸೆಕೆಗೆ ಇದು ಬೇಡ" ಎಂದು ಹಿಂದೆ ಯಾರೋ ಕಿತ್ತೆಸೆದಿದ್ದ ಥರ್ಮೋಸ್ಟಾಟಿನ (ಇಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಕವಾಟ) ಜಾಗಕ್ಕೆ ಮತ್ತೊಂದನ್ನು ಹಾಕಿ, ನೀರಿನ ಬದಲು ತುಕ್ಕು ತಡೆಯುವ ಕೂಲಂಟನ್ನೇ ತುಂಬಿಸಿದರು.

ಫೇಸಿಂಗ್, ಗ್ಯಾಸ್ಕೆಟ್ ಸೆಟ್, ಟೈಮಿಂಗ್ ಬೆಲ್ಟ್, ರೇಡಿಯೇಟರ್ ಶುದ್ಧಿ, ಫ್ಯಾನ್ ಸ್ವಿಚ್ಚು, ಮಜೂರಿ ಎಲ್ಲ ಸೇರಿ 12,600 ರೂಪಾಯಿ ಆಯಿತು. ಇಷ್ಟು ಕೆಲಸಕ್ಕೆ ಇದು ನ್ಯಾಯವಾದ ಮೊತ್ತವೆಂದೇ ನನ್ನ ಅಭಿಪ್ರಾಯ. ಎರಡು ಕೊರತೆಗಳನ್ನೂ ಹೇಳಬೇಕು. ನಾಲ್ಕು ದಿನವೆಂದು ಹೇಳಿದ ಕೆಲಸಕ್ಕೆ ಒಂಬತ್ತು ದಿನ ಹಿಡಿಯಿತು, ಮತ್ತು ತಡವಾಗುವ ಸಂಗತಿಯನ್ನು ನಾನೇ ಫೋನು ಮಾಡಿ ತಿಳಿಯಬೇಕಾಯಿತು. ಬಿಲ್ಲನ್ನೂ ಕೇಳಿದ ಮೇಲೆಯೇ ಬರೆದುಕೊಟ್ಟರು. ಹಳೆಯ ಬಿಡಿಭಾಗಗಳನ್ನು ಮಾತ್ರ ಕೇಳದೆಯೇ ಡಿಕ್ಕಿಯಲ್ಲಿ ಕಟ್ಟಿಟ್ಟಿದ್ದರು.

500 ಕಿಲೋಮೀಟರ್ ಓಡಿಸಿ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವುಗಳ ಸಂದನ್ನು ಸರಿಹೊಂದಿಸುವುದು) ಮಾಡಿಸಿಕೊಂಡ ಬಳಿಕ, ಮೇ ತಿಂಗಳ ನಡುಹಗಲಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ಜಾಲ್ಸೂರಿನ ಮೂಲಕ ಮಡಿಕೇರಿಗೆ ಹೋಗಿ ಬಂದೆ. ಘಾಟಿಯುದ್ದಕ್ಕೂ ಟೆಂಪರೇಚರ್ ಮುಳ್ಳು ಅರ್ಧದ ಗೆರೆಯನ್ನು ದಾಟಲಿಲ್ಲ. ಮರುದಿನ ಬೆಳಿಗ್ಗೆ ತೆರೆದು ನೋಡಿದಾಗ ರೇಡಿಯೇಟರಿನಲ್ಲಿ ಕೂಲಂಟು ಕತ್ತಿನವರೆಗೂ ಇತ್ತು.